ಮೇಕೆ ದೊಡ್ಡಿಯ ಕಡೆ ತೋರಿಸಿದ ಬೆರಳು

ನಮ್ಮ ಊರಿಗೆ ಹೊನೊಲೆಹು ಎಂದು ಹೆಸರಿಟ್ಟುಕೊಳ್ಳಿ. ನಿಜವಾದ ಹೆಸರನ್ನು ಹೇಳುವವಳು ನಾನಲ್ಲ. ಹೇಳಿದರೆ ನಾಳೆಯೇ ಯಾರಾದರೊಬ್ಬರು ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ನನ್ನ ಅಂಗಡಿ ಮುಂದೆ ಬಂದು ನಿಂತು, ಆ ಜಾಗ ಎಲ್ಲಿದೆಯಮ್ಮ ಎಂದು ಕೇಳುತ್ತಾರೆ. ಕೇಳಲಿ. ಅವರಿಗೆ ಏನು ಉತ್ತರ ಕೊಡಬೇಕೆಂದು ನಮ್ಮ ಮನೆತನದಲ್ಲಿ ಚೆನ್ನಾಗಿ ಕಲಿಸಿಕೊಟ್ಟಿದ್ದಾರೆ. ಆ ಪಾಠವೇ ನಮ್ಮ ಲುಕಿಯಾ ದೊಡ್ಡಮ್ಮನ ಬಾಳಿಗೆ ಬೆಂಕಿಯಿಟ್ಟಿತು. ಅದನ್ನು ಹೇಳಲಿಕ್ಕೆಂದೇ ಕೂತಿದ್ದೇನೆ.

ಹವಾಯಿಯ ದೊಡ್ಡ ದ್ವೀಪದ ದಕ್ಷಿಣ ದಂಡೆ ನಮ್ಮದು. ಬೆಟ್ಟ ಕಾರಿದ ಬೆಂಕಿ ಸಮುದ್ರದವರೆಗೂ ಇಳಿದು ಬಂದು, ಆರಿ, ಕಪ್ಪು ಕಲ್ಲಾಗಿ ಉಳಿದುಕೊಂಡ ನೆಲ. ಅಜ್ಜಿಯ ಕಾಲಕ್ಕೆ ನಲವತ್ತು ಮನೆಗಳಿದ್ದವಂತೆ. ಒಂದು ಸಲ ಉಕ್ಕಿ ಬಂದ ಕಡಲು ಅರ್ಧ ಊರನ್ನು ಕೊಂಡೊಯ್ದಿತು. ಮೇಲಿನ ದನದ ಎಸ್ಟೇಟಿನವರು ಬೇಲಿ ಹಾಕುತ್ತ ಹಾಕುತ್ತ ನಮ್ಮ ಕೆಸುವಿನ ಹೊಲಗಳನ್ನು ನುಂಗಿದರು. ಉಳಿದವರಲ್ಲಿ ಕಾಲು ಗಟ್ಟಿ ಇದ್ದವರು ಪೇಟೆಯ ದಾರಿ ಹಿಡಿದರು. 1965ರ ಹೊತ್ತಿಗೆ ಹನ್ನೊಂದು ಮನೆ, ಒಂದು ಚರ್ಚು, ಒಂದು ನನ್ನ ಅಂಗಡಿ. ಅಂಗಡಿಯ ಮೂಲೆಯಲ್ಲೇ ಊರಿನ ಅಂಚೆ.

ಲುಕಿಯಾ ನನ್ನ ತಾಯಿಯ ಅಕ್ಕ. ನನ್ನನ್ನು ಹೆತ್ತವಳು ಎದೆರೋಗದಿಂದ ಸಾಯುವ ಮುಂಚೆಯೇ ನನ್ನನ್ನು ಅಕ್ಕನ ಮಡಿಲಿಗೆ ಹಾಕಿದ್ದಳು. ಆಗ ನನಗೆ ಎರಡು ವರ್ಷ. ನಮ್ಮಲ್ಲಿ ಹಾಗೆ ಮಕ್ಕಳನ್ನು ಕೊಡುವುದು, ತೆಗೆದುಕೊಳ್ಳುವುದು ಇದ್ದದ್ದೇ, ಯಾರೂ ಅದನ್ನು ದೊಡ್ಡ ಉಪಕಾರ ಎಂದುಕೊಳ್ಳುವುದಿಲ್ಲ. ದೊಡ್ಡಮ್ಮನ ಕಸುಬು ಕೇದಗೆ ಗರಿಯ ಹೆಣಿಗೆ. ಗರಿಯ ಮುಳ್ಳು ಸವರಿ, ಒಣಗಿಸಿ, ಸುರುಳಿ ಸುತ್ತಿಟ್ಟು, ಹದವಾದ ಮೇಲೆ ಸೀಳಿ ಚಾಪೆ, ಬುಟ್ಟಿ, ಟೋಪಿ ಹೆಣೆಯುತ್ತಿದ್ದಳು. ಅವಳ ಟೋಪಿಯಲ್ಲಿ ನೀರು ಮೊಗೆದು ಕುಡಿಯಬಹುದು ಎಂದು ಊರವರು ತಮಾಷೆ ಮಾಡುತ್ತಿದ್ದರು. ಮಾತು ಕಡಿಮೆ, ಹಟ ಜಾಸ್ತಿ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ ಎಲೆ ಸರಿಯಾಗಿ ಕಾಣಲಿಲ್ಲ ಎನ್ನುತ್ತಿದ್ದಳು. ಆಮೇಲೆ ನಿಜವಾಗಿಯೂ ಕಾಣದಂತಾಯಿತು. ಎರಡು ಕಣ್ಣಿಗೂ ಪೊರೆ ಬಂದು, ಹಗಲು ಹೊತ್ತಿನಲ್ಲಿ ಅಷ್ಟಿಷ್ಟು ಗೊತ್ತಾಗುತ್ತಿತ್ತು, ಹೊತ್ತು ಮುಳುಗಿದರೆ ಗೋಡೆ ಹಿಡಿದೇ ನಡೆಯಬೇಕು.

ಅವಳ ಹತ್ತಿರ ಒಂದು ಗುಟ್ಟಿತ್ತು. ಗುಟ್ಟು ಇದೆ ಎನ್ನುವುದು ಊರಿಗೆಲ್ಲ ಗೊತ್ತು. ಅದು ಏನೆಂದೂ ಗೊತ್ತು. ಎಲ್ಲಿ ಎನ್ನುವುದು ಮಾತ್ರ ಅವಳೊಬ್ಬಳಿಗೆ. ಸತ್ತವರ ಸತ್ವವೆಲ್ಲ ಮೂಳೆಯಲ್ಲಿ ಉಳಿದಿರುತ್ತದೆ, ಅದು ಪರರ ಕೈಗೆ ಸಿಕ್ಕರೆ ಸತ್ತವರಿಗೂ ಅವಮಾನ, ಬದುಕಿದ್ದವರಿಗೂ ಕೇಡು. ಹಿಂದಿನವರು ಶತ್ರುವಿನ ಮೂಳೆಯಲ್ಲಿ ಮೀನಿನ ಗಾಳ ಮಾಡಿಕೊಳ್ಳುತ್ತಿದ್ದರು. ಅದಕ್ಕೇ ಮನೆತನಕ್ಕೊಂದು ಅಡಗುತಾಣ. ಕಪ್ಪು ಕಲ್ಲಿನ ಅಡಿಯಲ್ಲಿ ಎಲ್ಲೋ ಒಂದು ಪೊಟರೆ, ಅದರ ಬಾಯಿಗೆ ಕಲ್ಲು. ಒಂದು ತಲೆಮಾರಿಗೆ ಒಬ್ಬರಿಗೇ ಆ ಬಾಯಿ ಗೊತ್ತಿರಬೇಕು. ತನ್ನ ಸಾವು ಹತ್ತಿರವಾಯಿತು ಎನ್ನಿಸಿದಾಗ ಆ ಒಬ್ಬರು ಮತ್ತೊಬ್ಬರಿಗೆ ಹೇಳಬೇಕು, ಅದಕ್ಕಿಂತ ಒಂದು ದಿನವೂ ಮುಂಚೆ ಅಲ್ಲ. ಬೇರೆ ಮನೆತನಗಳೆಲ್ಲ ಚರ್ಚಿನ ಅಂಗಳಕ್ಕೆ ಒಗ್ಗಿಕೊಂಡು ಎಷ್ಟೋ ಕಾಲವಾಗಿತ್ತು. ನಮ್ಮದೊಂದೇ ಬಿಟ್ಟುಕೊಟ್ಟಿರಲಿಲ್ಲ.

ಗುಟ್ಟು ಕಾಯಲು ಬಾಯಿ ಮುಚ್ಚಿಕೊಂಡಿದ್ದರೆ ಸಾಲದು ಎನ್ನುವುದು ದೊಡ್ಡಮ್ಮನಿಗೆ ಒಂಬತ್ತನೇ ವರ್ಷದಲ್ಲೇ ಗೊತ್ತಾಯಿತು. ಆ ವರ್ಷ ಪಕ್ಕದ ಕೊಲ್ಲಿಗೆ ಗಡ್ಡದ ಬಿಳಿಯನೊಬ್ಬ ಬಂದಿಳಿದ. ಅಲ್ಲಿನ ಒಬ್ಬ ಕುಡುಕ ಎರಡು ಬಾಟಲಿಗೆ ಬಾಯಿಬಿಟ್ಟ. ಮೂರು ಪೆಟ್ಟಿಗೆ ತಲೆಬುರುಡೆಗಳು ಹಡಗು ಹತ್ತಿದವು. ಅದೇ ವಾರ ದೊಡ್ಡಮ್ಮನ ತಾಯಿ ಅವಳ ಕೈ ಹಿಡಿದು ಸಮುದ್ರದ ಹತ್ತಿರದ ಹಳೇ ಮೇಕೆ ದೊಡ್ಡಿಗೆ ಕರೆದುಕೊಂಡು ಹೋದಳು. ಜಾಲಿ ಮರದ ಕೆಳಗೆ ಮುರುಕು ಗೋಡೆ, ಮೂಲೆಯಲ್ಲಿ ಒಂದು ಕಲ್ಲಿನ ಗುಪ್ಪೆ, ಗುಪ್ಪೆಯ ಕೆಳಗೆ ರೋಗ ಬಂದು ಸತ್ತ ಮೇಕೆಗಳು.

“ಯಾರು ಬಂದು ಕೇಳಿದ್ರೂ ಇಲ್ಲಿಗೇ ಬೆರಳು ತೋರಿಸು,” ಎಂದಳಂತೆ ತಾಯಿ. “ತಕ್ಷಣ ತೋರಿಸ್ಬೇಡ. ಮೊದ್ಲು ಗೊತ್ತಿಲ್ಲ ಅನ್ನು. ಮೂರನೇ ಸಲ ಕೇಳಿದಾಗ ಅಳು ಬಂದೋಳ ಹಾಗೆ ಮುಖ ಮಾಡ್ಕೊಂಡು ತೋರಿಸು. ಆಗ ನಂಬ್ತಾರೆ.”

ಬರೀ ಬೆರಳು ತೋರಿಸಿದರೆ ಆಗಲಿಲ್ಲ. ಆ ದೊಡ್ಡಿ ದಾಟುವಾಗಲೆಲ್ಲ ತಲೆ ತಗ್ಗಿಸಬೇಕು, ಕಣ್ಣೊರೆಸಿಕೊಳ್ಳಬೇಕು. ಯಾರು ಎಲ್ಲಿಂದ ನೋಡುತ್ತಿರುತ್ತಾರೋ. ದೊಡ್ಡಮ್ಮ ಅದನ್ನು ಜೀವಮಾನವಿಡೀ ಮಾಡಿದಳು. ಯುದ್ಧದ ವರ್ಷಗಳಲ್ಲಿ ಶಿಬಿರದ ಸಿಪಾಯಿಗಳು ನಾಲ್ವರು ಗುದ್ದಲಿ ಹಿಡಿದು ಬಂದು ರಾಜರ ಸಮಾಧಿ ಎಲ್ಲಿ ಎಂದು ಕೇಳಿದಾಗಲೂ ಅಷ್ಟೆ. ಇಲ್ಲ ಎಂದಳು, ಇಲ್ಲ ಎಂದಳು, ಆಮೇಲೆ ಮೂಗು ಒರೆಸಿಕೊಳ್ಳುತ್ತ ದೊಡ್ಡಿ ತೋರಿಸಿದಳು. ಅವರು ಅಗೆದು ಏನನ್ನೋ ಕರವಸ್ತ್ರದಲ್ಲಿ ಕಟ್ಟಿಕೊಂಡು ಖುಷಿಯಾಗಿ ಹೋದರು. ಅಮೆರಿಕದ ಯಾವುದೋ ಮನೆಯ ಗಾಜಿನ ಕಪಾಟಿನಲ್ಲಿ ನಮ್ಮೂರ ಮೇಕೆಯ ತೊಡೆಮೂಳೆ ಇವತ್ತಿಗೂ ರಾಜಮರ್ಯಾದೆ ಪಡೆಯುತ್ತಿರಬಹುದು.

ಇನ್ನು ಪಿಲಿಪೊನ ವಿಷಯ. ಅವನು ದೊಡ್ಡಮ್ಮನ ಒಬ್ಬನೇ ಮಗ, ನಾನು ಹುಟ್ಟುವ ಹಿಂದಿನ ವರ್ಷ ಸತ್ತವನು. ಮೂರು ವರ್ಷದ ಮಗುವಿಗೆ ಗಂಟಲು ಕಟ್ಟುವ ಜ್ವರ ಬಂತು. ಗಂಡ ಹೇಸರಗತ್ತೆ ಹತ್ತಿ ಮೇಲಿನ ಊರಿಗೆ ಹೋದ. ಏಳು ಗಂಟೆಯ ದಾರಿ ಅದು. ಡಾಕ್ಟರು ಬಂದದ್ದು ಮಾರನೇ ದಿನ ಮಧ್ಯಾಹ್ನ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ರಸ್ತೆಯೊಂದಿದ್ದಿದ್ದರೆ ನನ್ನ ಮಗ ಉಳಿಯುತ್ತಿದ್ದ ಎಂದು ದೊಡ್ಡಮ್ಮ ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಚರ್ಚಿನ ಅಂಗಳದಲ್ಲಿ ಅವನ ಪುಟ್ಟ ಸಮಾಧಿಯಿದೆ, ಹೆಸರು ಕೆತ್ತಿದ ಕಲ್ಲಿದೆ. ಆದರೆ ಅಂದು ಮಣ್ಣು ಮಾಡಿದ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ತುಂಡು ಬಾಳೆದಿಂಡು, ಮೂರು ಕಲ್ಲು. ಮಗುವನ್ನು ಅವಳು ಹಿರಿಯರ ಹತ್ತಿರ ಒಯ್ದಿದ್ದಳು. ಕಾಲ ಬಂದಾಗ ಮೂಳೆ ತೊಳೆದು, ತೊಗಟೆ ನಾರಿನ ಬಟ್ಟೆಯಲ್ಲಿ ಸುತ್ತಿ, ತಾನೇ ಹೆಣೆದ ಪುಟ್ಟ ಬುಟ್ಟಿಯಲ್ಲಿಟ್ಟಳು. ಗಂಡನಿಗೆ ಪೆಟ್ಟಿಗೆ ಬರಿದು ಎನ್ನುವುದಷ್ಟೇ ಗೊತ್ತಿತ್ತು. ಐದು ವರ್ಷಕ್ಕೆ ಅವನನ್ನೂ ಸಮುದ್ರ ತೆಗೆದುಕೊಂಡಿತು.

ಇದೆಲ್ಲ ನನಗೆ ತಿಳಿದದ್ದು ತೀರಾ ತಡವಾಗಿ. ನಿಮಗೆ ಮೊದಲೇ ಹೇಳಿಬಿಡುತ್ತಿದ್ದೇನೆ, ಮುಂದೆ ನಡೆದದ್ದನ್ನು ನೀವಾದರೂ ನನ್ನ ಹಾಗೆ ಕುರುಡಾಗಿ ನೋಡುವುದು ಬೇಡ.

1965ರಲ್ಲಿ ರಸ್ತೆ ಕಚೇರಿಯವರು ನಮ್ಮೂರಿಗೆ ಡಾಂಬರು ರಸ್ತೆ ತರುತ್ತೇವೆ ಎಂದರು. ದೋಣಿ ಕಟ್ಟುವ ಜಾಗದವರೆಗೆ, ದಂಡೆಗುಂಟ. ಗೂಟ ಹೊಡೆದು ಹೋದ ಮೇಲೆ ನೋಡಿದರೆ ಗೆರೆ ನಮ್ಮ ಉಪ್ಪಿನ ಮಡಿಗಳನ್ನು ತುಳಿದುಕೊಂಡು, ಚರ್ಚಿನ ಹಿಂಬದಿಯನ್ನು ಸವರಿಕೊಂಡು, ಸೀದಾ ಮೇಕೆ ದೊಡ್ಡಿಯ ಮೇಲೆ ಹಾದಿತ್ತು. ಚಿಕ್ಕಂದಿನಿಂದ ದೊಡ್ಡಮ್ಮ ಆ ದೊಡ್ಡಿಯ ಹತ್ತಿರ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಬೆಳೆದವಳು ನಾನು. ನಮ್ಮವರು ಅಲ್ಲೇ ಇದ್ದಾರೆ ಎಂದು ಯಾರೂ ಹೇಳದಿದ್ದರೂ ನನಗೆ ಖಾತ್ರಿಯಿತ್ತು. ಇಂಗ್ಲಿಷ್ ಬರೆಯಲು ಬರುವವಳು ಊರಲ್ಲಿ ನಾನೊಬ್ಬಳೇ. ಪಾದ್ರಿ ಕೆಪಾನೊ ಅವರನ್ನು ಜೊತೆಗೆ ಕೂರಿಸಿಕೊಂಡು ಅರ್ಜಿ ಬರೆದೆ, ಹತ್ತು ಮನೆಯ ಸಹಿ ಹಾಕಿಸಿದೆ. ದೊಡ್ಡಮ್ಮ ಮಾತ್ರ ಬೇಡ ಎಂದಳು.

“ರಸ್ತೆ ಬರ್ಲಿ ಬಿಡೇ ರಾಹೆಲಾ. ಎಲ್ಲಿ ಬರತ್ತೋ ಅಲ್ಲೇ ಬರ್ಲಿ.”

“ದೊಡ್ಡಿ ಮೇಲೆ ಬಂದ್ರೂನಾ?”

“ಬಂದ್ರೆ ಬರ್ಲಿ.”

ನಾನು ಅವಳನ್ನು ಹೇಡಿ ಎಂದೆ. ಮೂಳೆ ಕಾಯುವವಳಿಗೆ ಮೂಳೆಯಷ್ಟೂ ಗಟ್ಟಿತನ ಇಲ್ಲವಲ್ಲ ಎಂದೂ ಹೇಳಿದೆ. ನನ್ನ ಬಾಯಿಗೆ ಮಣ್ಣು ಬೀಳಲಿ. ಅವಳು ಗರಿ ಸೀಳುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಆ ಗೂಟದ ಗೆರೆ ನಿಜವಾದ ಅಡಗುತಾಣದ ಹತ್ತಿರಕ್ಕೂ ಹೋಗಿರಲಿಲ್ಲ, ಹಾಗಾಗಿ ಅವಳಿಗೆ ರಸ್ತೆಯಿಂದ ಯಾವ ಭಯವೂ ಇರಲಿಲ್ಲ. ಆದರೆ ಅಲ್ಲೇನೂ ಇಲ್ಲ ಎಂದು ಹೇಳಿದರೆ ಬೇರೆಲ್ಲೋ ಇದೆ ಎಂದು ಹೇಳಿದ ಹಾಗೇ ಆಗುತ್ತದಲ್ಲ, ಅದನ್ನೂ ಹೇಳುವಂತಿಲ್ಲ.

ಅರ್ಜಿಗೆ ಉತ್ತರವಾಗಿ ಪ್ರೆಂಟಿಸ್ ಎನ್ನುವ ಎಂಜಿನಿಯರ್ ಬಂದ. ಬಿಳಿಯ, ಇನ್ನೂ ಮೂವತ್ತು ದಾಟದವನು, ಟೋಪಿ ತೆಗೆದು ನಿಂತು ಮಾತನಾಡುತ್ತಿದ್ದ. ಕೆಟ್ಟವನಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ದಂಡೆಯಲ್ಲಿ ಊರೆಲ್ಲ ಸೇರಿತ್ತು. ಹಿರಿಯರು ಎಲ್ಲಿದ್ದಾರೆ ಎಂದು ತೋರಿಸಿದರೆ ಅವರನ್ನು ಮುಟ್ಟುವುದಿಲ್ಲ ಎಂದು ಅವನು ಹೇಳಿದ್ದನ್ನು ನಾನು ನಮ್ಮ ಮಾತಿಗೆ ತಿರುಗಿಸಿ ದೊಡ್ಡಮ್ಮನಿಗೆ ಹೇಳಿದೆ. ಗೊತ್ತಿಲ್ಲ ಎಂದಳು. ಪಾದ್ರಿಗಳು ಕೇಳಿದರು. ಗೊತ್ತಿಲ್ಲ ಎಂದಳು. ನನಗೆ ರೇಗಿಹೋಯಿತು. ಎಲ್ಲರೆದುರಿಗೇ ಅವಳ ತೋಳು ಹಿಡಿದುಕೊಂಡೆ.

“ದೊಡ್ಡಮ್ಮ, ನಿನ್ನ ಕೈ ಮುಗೀತೀನಿ. ಈಗ ಹೇಳ್ದೆ ಇದ್ರೆ ಇನ್ಯಾವಾಗ ಹೇಳ್ತೀಯ? ಅವರ ಮೇಲೆ ಲಾರಿ ಓಡಾಡ್ಲಾ?”

ಮೂರನೇ ಸಲ ಕೇಳಿಯಾಗಿತ್ತು. ಅರವತ್ತೆಂಟು ವರ್ಷದ ಮುದುಕಿಯ ಮುಖ ಒಂಬತ್ತು ವರ್ಷದವಳಿಗೆ ಕಲಿಸಿದ ಹಾಗೇ ಸೊಟ್ಟಗಾಯಿತು. ಕೈ ಎತ್ತಿ ಮೇಕೆ ದೊಡ್ಡಿಯನ್ನು ತೋರಿಸಿದಳು. ಹೆಂಗಸರು ಅತ್ತರು, ನಾನೂ ಅತ್ತೆ. ಪ್ರೆಂಟಿಸ್ ನೆಲ ನೋಡುತ್ತ ನಿಂತಿದ್ದ. ಅವನ ಕಣ್ಣೂ ತೇವವಾಗಿತ್ತು.

ಮೂರು ವಾರಕ್ಕೆ ಕಾಗದ ಬಂತು. ಗೆರೆ ಬದಲಾಗಿದೆ, ದೊಡ್ಡಿಯನ್ನೂ ಚರ್ಚನ್ನೂ ಉಪ್ಪಿನ ಮಡಿಗಳನ್ನೂ ಬಿಟ್ಟು ರಸ್ತೆ ಇನ್ನೂರು ಗಜ ಮೇಲಿನಿಂದ ಹೋಗುತ್ತದೆ ಎಂದು. ಹೊನೊಲೆಹುವಿನ ಮಾತನ್ನು ಯಾವ ಕಚೇರಿಯಾದರೂ ಕೇಳಿದ್ದು ಅದೇ ಮೊದಲು. ಊರವರು ಹುಚ್ಚೆದ್ದರು. ಗುಂಡಿ ತೋಡಿ, ಕಲ್ಲು ಕಾಯಿಸಿ, ಎಲೆಯಲ್ಲಿ ಸುತ್ತಿ ಹಂದಿ ಬೇಯಿಸಿದರು. ಕೆಸು ಕುಟ್ಟಿ ಪೋಯಿ ನಾದಿದರು, ಒಣಮೀನು, ಗೆಣಸು, ಏನುಂಟು ಏನಿಲ್ಲ. ದೊಡ್ಡಮ್ಮನನ್ನು ಮಧ್ಯದಲ್ಲಿ ಕೂರಿಸಿ ಕೊರಳಿಗೆ ಹಾರ ಹಾಕಿದರು. ಮುದುಕಿ ಒಂದು ಬೆರಳೆತ್ತಿ ಸರ್ಕಾರವನ್ನೇ ಇನ್ನೂರು ಗಜ ಹಿಂದಕ್ಕೆ ತಳ್ಳಿದಳು, ಎರಡು ಬೆರಳೆತ್ತಿದ್ದರೆ ಎಸ್ಟೇಟಿನವರೂ ಓಡುತ್ತಿದ್ದರು ಎಂದು ಯಾರೋ ಅಂದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪ್ರೆಂಟಿಸ್ ಕಳಿಸಿದ ನಕ್ಷೆಯನ್ನು ನಾನು ಚಾಪೆಯ ಮೇಲೆ ಬಿಡಿಸಿದೆ. ಕೆಂಪು ಪೆನ್ಸಿಲಿನ ಗೆರೆ ಅವಳ ಕಣ್ಣಿಗೆ ಕಾಣಲಿಲ್ಲ.

“ಎಲ್ಲಿಂದ ಹೋಗತ್ತೆ ಅದು?” ಎಂದು ಕೇಳಿದಳು.

“ಸೀಳುಬಂಡೆ ಹಿಂದೆ ಒಂದು ತಗ್ಗು ಇದೆಯಲ್ಲ ದೊಡ್ಡಮ್ಮ, ಅದನ್ನ ತುಂಬಿಸಿ ಅದರ ಮೇಲೆ.” ನಾನು ನಗುನಗುತ್ತಲೇ ಹೇಳಿದೆ.

ಅವಳು ಪೋಯಿಯ ಬಟ್ಟಲನ್ನು ಕೆಳಗಿಟ್ಟಳು. ಯಂತ್ರ ಯಾವಾಗ ಬರುತ್ತದೆ ಎಂದು ಕೇಳಿದಳು. ನಾಲ್ಕು ಭಾನುವಾರ ಕಳೆದ ಮೇಲಿನ ಸೋಮವಾರ ಎಂದೆ. ಕೈ ಮಡಿಚಿ ಎಣಿಸಿಕೊಂಡಳು. ಹಂದಿಯ ಮಾಂಸ ಎಲೆಯಲ್ಲೇ ಆರಿಹೋಯಿತು. ವಯಸ್ಸಾಯಿತು, ಖುಷಿ ತಡೆಯಲಾಗದೆ ಸುಸ್ತಾಗಿದ್ದಾಳೆ ಎಂದುಕೊಂಡು ನಾನೇ ಮನೆಗೆ ಬಿಟ್ಟು ಬಂದೆ.

ಆ ತಗ್ಗಿನ ಕೆಳಗೆ ನಾಲ್ವರಿದ್ದರು. ಅವಳ ಮುತ್ತಜ್ಜಿ, ಅಜ್ಜ, ತಾಯಿ, ಮಗ. ಒಬ್ಬೊಬ್ಬರದೂ ಒಂದೊಂದು ಗಂಟು. ಬಾಯಿಬಿಟ್ಟು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೇನೆ, ಅವಳ ಸಮಾಧಿಯ ಮುಂದೆ ನಿಂತು ಕೂಗಿ ಕೇಳಿದ್ದೇನೆ. ಹೇಳಿದ್ದರೆ ತಾಯಿಗೆ ಕೊಟ್ಟ ಮಾತು ಹೋಗುತ್ತಿತ್ತು, ಹಿರಿಯರ ಜಾಗ ನಕ್ಷೆಯ ಮೇಲೆ ಚುಕ್ಕಿಯಾಗುತ್ತಿತ್ತು, ಊರಿಗೆ ಊರೇ ಸುಳ್ಳು ಹೇಳಿತು ಎಂದು ರಸ್ತೆಯವರು ಮತ್ತೆ ಚರ್ಚಿನ ಬೆನ್ನಿಗೆ ಬರುತ್ತಿದ್ದರು. ಅವಳ ಲೆಕ್ಕದಲ್ಲಿ ಉಳಿದದ್ದು ಒಂದೇ ದಾರಿ. ನಾಲ್ವರನ್ನೂ ತಾನೇ ಹೊತ್ತು ಬೇರೆ ಕಡೆ ಇಡುವುದು.

ಇಂಥ ಕೆಲಸ ಕತ್ತಲಲ್ಲಿ ಮಾಡುವುದು ವಾಡಿಕೆ. ಅವಳಿಗೆ ಕತ್ತಲಲ್ಲಿ ಕಣ್ಣಿಲ್ಲ. ಹಗಲು ಯಾರಾದರೂ ಉಪ್ಪಿನ ಮಡಿಯಲ್ಲೋ ದೋಣಿಯ ಹತ್ತಿರವೋ ಇದ್ದೇ ಇರುತ್ತಾರೆ. ಊರು ಪೂರ್ತಿ ಒಂದೇ ಸೂರಿನಡಿ ಸೇರುವುದು ಭಾನುವಾರ, ಒಂಬತ್ತರಿಂದ ಹನ್ನೆರಡರವರೆಗೆ, ಚರ್ಚಿನಲ್ಲಿ. ಇಬ್ಬರನ್ನು ಒಟ್ಟಿಗೆ ಒಯ್ಯುವಂತಿಲ್ಲ, ಒಬ್ಬರಿಗೆ ಒಂದು ಬುಟ್ಟಿ, ಒಂದು ನಡಿಗೆ. ದಾರಿಯಲ್ಲಿ ಕೆಳಗಿಡುವಂತಿಲ್ಲ. ಹಿರಿಯರು ಮೊದಲು, ಕಿರಿಯರು ಆಮೇಲೆ, ಅದು ತಪ್ಪುವಂತಿಲ್ಲ. ನಾಲ್ಕು ಭಾನುವಾರ, ನಾಲ್ಕು ಜನ. ಲೆಕ್ಕ ಸರಿಯಾಗಿ ಕೂತಿತ್ತು.

ಜೀವಮಾನದಲ್ಲಿ ಒಂದು ಭಾನುವಾರವೂ ತಪ್ಪಿಸದವಳು ಚರ್ಚಿಗೆ ಬರುವುದನ್ನು ನಿಲ್ಲಿಸಿದಳು. ಮೊದಲನೇ ವಾರ ಮಂಡಿ ನೋವು ಎಂದಳು. ಎರಡನೇ ವಾರ ಏನೂ ಹೇಳಲಿಲ್ಲ. ಗೆದ್ದ ಮೇಲೆ ಮುದುಕಿಗೆ ದೇವರೂ ಬೇಡವಾದ ಎಂದು ಕೆಲವರು, ಯಾರೋ ಮುದುಕ ಗಂಟುಬಿದ್ದಿರಬೇಕು ಎಂದು ಕೆಲವರು ಆಡಿಕೊಂಡರು. ಮೂರನೇ ಭಾನುವಾರ ಮಧ್ಯಾಹ್ನ ಜಗಳ ಮಾಡಲೆಂದೇ ಅವಳ ಮನೆಗೆ ಹೋದೆ. ಕಾಲು ನೀರಿನಲ್ಲಿ ಇಳಿಬಿಟ್ಟು ಕೂತಿದ್ದಳು, ನೀರು ಕೆಂಪಾಗಿತ್ತು. ಕಲ್ಲಿಗೆ ಕೊಯ್ದುಕೊಂಡು ಎರಡೂ ಅಂಗಾಲು ಹರಿದಿದ್ದವು. ಎಲ್ಲಿ ಹೋಗಿದ್ದೆ ಎಂದರೆ ಕೇದಗೆ ಗರಿ ತರಲು ಎಂದಳು. ಭಾನುವಾರ ಯಾರಾದರೂ ಗರಿ ತರುತ್ತಾರಾ ಎಂದು ಬೈದೆ. ಬೈಸಿಕೊಂಡು, ಇನ್ನೊಂದೇ ವಾರ ಕಣೇ, ಆಮೇಲೆ ಬರುತ್ತೇನೆ ಎಂದಳು. ನಾನು ಇನ್ನೂ ನಾಲ್ಕು ಮಾತು ಸೇರಿಸಿ ಆಡಿ ಎದ್ದು ಬಂದೆ. ಅವಳ ಕಾಲಿಗೆ ಎಣ್ಣೆ ಹಚ್ಚಬೇಕೆಂದೂ ನನಗೆ ತೋಚಲಿಲ್ಲ.

ಆ ಹೊತ್ತಿಗೆ ಮುತ್ತಜ್ಜಿ, ಅಜ್ಜ, ತಾಯಿ ಹೊಸ ಜಾಗ ಸೇರಿದ್ದರು.

ಮಾರನೇ ದಿನ ಸೋಮವಾರ ಅಂಚೆಯಲ್ಲಿ ರಸ್ತೆ ಕಚೇರಿಯ ಕಾಗದವಿತ್ತು. ಬೇರೆ ಕಡೆಯ ಕೆಲಸ ಬೇಗ ಮುಗಿದಿದೆ, ಯಂತ್ರಗಳು ಬರುವ ವಾರ ಅಲ್ಲ, ಈ ಬುಧವಾರವೇ ಬರುತ್ತವೆ ಎಂದು. ಓದಿ ಅಕ್ಕಿ ಡಬ್ಬದ ಕೆಳಗಿಟ್ಟೆ. ಗೆರೆ ಬದಲಾಗಿ ಎಲ್ಲ ಸುಖವಾಗಿ ಮುಗಿದಿತ್ತಲ್ಲ, ಸೋಮವಾರವಾದರೇನು, ಬುಧವಾರವಾದರೇನು. ಯಾರಿಗೂ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಮೇಲಿನಿಂದ ಸದ್ದು ಶುರುವಾಯಿತು. ಹತ್ತರ ಹೊತ್ತಿಗೆ ದೊಡ್ಡಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕೂದಲು ಬಿಚ್ಚಿಹೋಗಿತ್ತು. ಲಂಗದ ತುಂಬ ಕಲ್ಲಿನ ಪುಡಿ.

“ಇವತ್ತು ಬುಧವಾರ ಅಲ್ವೇನೇ?”

“ಹೌದು.”

“ಸೋಮವಾರ ಅಂದಿದ್ರಲ್ಲ.”

“ಬೇಗ ಬಂದ್ರು ದೊಡ್ಡಮ್ಮ. ಕಾಗದ ಬಂದಿತ್ತು, ಹೇಳೋದು ಮರ್ತೆ.”

ಅವಳು ನನ್ನ ಮುಖವನ್ನೇ ನೋಡಿದಳು. ಪೊರೆ ಕಟ್ಟಿದ ಆ ಕಣ್ಣಿಗೆ ಏನು ಕಂಡಿತೋ. “ಹೌದಾ,” ಎಂದಳು. ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ತಿರುಗಿ ಹೊರಟುಹೋದಳು. ನಾನು ಸಕ್ಕರೆ ತೂಗುತ್ತಿದ್ದೆ, ತೂಗುವುದನ್ನು ಮುಂದುವರಿಸಿದೆ.

ನನ್ನ ಅಂಗಡಿಗೆ ಬರುವ ಮುಂಚೆ ಅವಳು ಮೇಲೆ ಹೋಗಿದ್ದಳು, ತಲುಪುವಷ್ಟರಲ್ಲೇ ತಗ್ಗಿನ ಕೆಳಗಿನ ಪೊಟರೆಯ ಚಾವಣಿ ಕುಸಿದು, ನಾಲ್ಕು ಲಾರಿ ಜಲ್ಲಿ ಒಳಗೆ ಸುರಿದಾಗಿತ್ತಂತೆ. ಕೆಲಸದವರಿಗೆ ಏನೂ ಕಂಡಿರಲಿಲ್ಲ. ಒಂದು ಪುಟ್ಟ ಬುಟ್ಟಿ, ಕಂಡರೂ ಯಾರು ನೋಡುತ್ತಾರೆ. ಯಂತ್ರ ಓಡಿಸುವವನು ಒಳ್ಳೆಯ ಹುಡುಗ, ಮುದುಕಿ ಬಿಸಿಲಲ್ಲಿ ನಿಂತಿದ್ದಾಳೆಂದು ಇಳಿದು ಬಂದು ನೀರು ಕೊಟ್ಟ. ಅವಳು ಕುಡಿದಳಂತೆ. ಇದನ್ನು ಅವನೇ ಆಮೇಲೆ ನನಗೆ ಹೇಳಿದ.

ರಸ್ತೆಯಾಯಿತು. ಡಾಕ್ಟರು ಈಗ ನಲವತ್ತು ನಿಮಿಷದಲ್ಲಿ ಬರುತ್ತಾರೆ, ಅದನ್ನು ಇಲ್ಲವೆನ್ನಲಾರೆ. ಮೇಕೆ ದೊಡ್ಡಿಯ ಮುಂದೆ ಸರ್ಕಾರದವರು ಬೋರ್ಡು ನಿಲ್ಲಿಸಿ, ಪೂರ್ವಿಕರ ಪವಿತ್ರ ಭೂಮಿ, ಒಳಗೆ ಕಾಲಿಡಬೇಡಿ ಎಂದು ಬರೆಸಿದರು. ಪ್ರವಾಸಿಗಳು ಬಂದು ಸತ್ತ ಮೇಕೆಗಳಿಗೆ ಹೂವಿನ ಹಾರ ಹಾಕಿ, ಕಣ್ಣು ಮುಚ್ಚಿ ಒಂದು ನಿಮಿಷ ನಿಂತು ಹೋಗುತ್ತಿದ್ದರು. ದೊಡ್ಡಮ್ಮ ಜಗಲಿಯಲ್ಲಿ ಟೋಪಿ ಹೆಣೆಯುತ್ತ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಅವಳು ಆ ರಸ್ತೆಯ ಮೇಲೆ ಒಂದೇ ಒಂದು ಹೆಜ್ಜೆ ಇಡಲಿಲ್ಲ. ಅವಳ ಮನೆ ಊರಿನ ಮೇಲಿನ ತುದಿಯಲ್ಲಿ, ಚರ್ಚು ಕೆಳಗೆ. ಹಳೆಯ ಕಾಲುದಾರಿಯನ್ನು ಯಂತ್ರಗಳು ಕಿತ್ತುಹಾಕಿದ್ದವು. ಎಲ್ಲರೂ ಡಾಂಬರಿನ ಮೇಲೆ ಚಪ್ಪಲಿ ಎಳೆಯುತ್ತ ಚರ್ಚಿಗೆ ಹೋದರೆ, ಇವಳು ಪಕ್ಕದ ಚೂಪುಗಲ್ಲಿನ ಬಯಲಲ್ಲಿ ಕೋಲೂರಿಕೊಂಡು, ಬಿದ್ದು ಎದ್ದು ಬರುತ್ತಿದ್ದಳು. ಹಾಗೆ ಒಂಬತ್ತು ವರ್ಷ. ರಸ್ತೆ ದಾಟಲೇಬೇಕಾದ ಕಡೆ ಬಿಡದೆ ಕೆಳಗಿನ ಮೋರಿಯೊಳಗೆ ನುಸುಳಿ ಬರುವುದನ್ನೂ ನೋಡಿದ್ದೇನೆ. ಇಷ್ಟೊಂದು ಹಟ ಯಾಕೆ, ಗೆದ್ದವಳು ನೀನೇ ಅಲ್ಲವಾ ಎಂದು ನಾನು ಜನರೆದುರಿಗೆ ಹಂಗಿಸುತ್ತಿದ್ದೆ.

1974ರ ಮಾರ್ಚಿನಲ್ಲಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಪಾದ್ರಿಗಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದಳು. ಹೊಸ ಜಾಗ ಎಲ್ಲಿದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು, ನನ್ನಿಂದ ಎರಡು ಸಲ ಹೇಳಿಸಿದಳು. ಮೂವರಿದ್ದಾರೆ, ಪಿಲಿಪೊ ಇಲ್ಲ ಎಂದಳು. ಪಿಲಿಪೊ ಚರ್ಚಿನ ಅಂಗಳದಲ್ಲಿ ಇದ್ದಾನಲ್ಲ ಎಂದೆ.

“ಅಲ್ಲಿರೋದು ಬಾಳೆದಿಂಡು ಕಣೇ.”

ಆಮೇಲೆ ಎಲ್ಲ ಹೇಳಿದಳು. ಮೇಕೆ ದೊಡ್ಡಿ, ಸಿಪಾಯಿಗಳು, ನಾಲ್ಕು ಭಾನುವಾರ. ಹೇಳುತ್ತ ಹೇಳುತ್ತ ಮಧ್ಯೆ ಉಸಿರು ಸಿಗದೆ ನಿಲ್ಲಿಸುತ್ತಿದ್ದಳು.

“ಅವನು ಹಗುರ ಇದ್ದ. ಅವನನ್ನ ಮೊದ್ಲು ಎತ್ಕೊಂಡು ಹೋಗ್ಬೋದಿತ್ತಲ್ಲ ದೊಡ್ಡಮ್ಮ.”

“ಹಿರಿಯರನ್ನ ಬಿಟ್ಟು ಸ್ವಂತ ಮಗನ್ನ ಎತ್ಕೊಂಡು ಓಡ್ಲಾ?” ಎಂದಳು. “ನಾಲ್ಕು ವಾರ ಇದೆ ಅಂದಿದ್ಯಲ್ಲ ನೀನು.”

ಬೈಯಲಿಲ್ಲ. ಹಾಗಾಗಿತ್ತು ಎಂದು ಹೇಳಿದಳು, ಅಷ್ಟೆ. ನಾನು ಆ ಕಾಗದದ ಮಾತೆತ್ತಲು ಹೋದೆ. ಅವಳು ಕೈ ಅಲ್ಲಾಡಿಸಿ ಸುಮ್ಮನಿರಿಸಿದಳು. ಬೈದು, ನಾಲ್ಕು ಬಾರಿಸಿದ್ದರೆ ಇವತ್ತು ನನ್ನ ಎದೆ ಇಷ್ಟು ಭಾರವಾಗಿರುತ್ತಿರಲಿಲ್ಲ. ಕಾಲ ಬಂದಾಗ ನಿನ್ನನ್ನೂ ಆ ಮೂವರ ಜೊತೆ ಸೇರಿಸುತ್ತೇನೆ ಎಂದೆ. ಬೇಡ ಎಂದಳು. ಮಗುವನ್ನು ಬಿಟ್ಟು ಬಂದವಳಿಗೆ ಅಲ್ಲಿ ಜಾಗವಿಲ್ಲ, ಚರ್ಚಿನಲ್ಲೇ ಹೂಳು ಎಂದಳು. ಕೊನೆಗೆ ನನ್ನ ಮಣಿಕಟ್ಟು ಹಿಡಿದುಕೊಂಡು, “ಆ ರಸ್ತೆ ಮೇಲೆ ಒಯ್ಬೇಡ. ಅವನನ್ನ ತುಳೀಬೇಡಿ,” ಎಂದಳು. ಎರಡು ದಿನ ಬಿಟ್ಟು ತೀರಿಕೊಂಡಳು.

ಶವ ಒಯ್ಯಲು ಪೇಟೆಯಿಂದ ಕಪ್ಪು ಕಾರು ತರಿಸಿದ್ದರು. ಅದನ್ನು ಬಾಗಿಲಲ್ಲೇ ನಿಲ್ಲಿಸಿ, ಹೆಗಲ ಮೇಲೆ ಒಯ್ಯಬೇಕು, ಕಲ್ಲಿನ ಬಯಲಲ್ಲಿ ಒಯ್ಯಬೇಕು ಎಂದೆ. ಎಂಟು ಜನ ಗಂಡಸರು ಪೆಟ್ಟಿಗೆ ಹೊತ್ತು ಎಡವುತ್ತ, ಜಾರುತ್ತ ನಡೆದರು. ಹತ್ತು ಮಾರು ಪಕ್ಕದಲ್ಲೇ ಡಾಂಬರು ನುಣ್ಣಗೆ ಬಿದ್ದುಕೊಂಡಿತ್ತು. ಮುದುಕಿ ಸತ್ತರೂ ಅದರ ಹಟ ಇವಳ ಮೈಗೆ ಬಂದಿದೆ ಎಂದು ನನಗೆ ಕೇಳುವ ಹಾಗೆ ಬೈದರು. ಒಬ್ಬ ಮಂಡಿ ಒಡೆದುಕೊಂಡ. ಮೋರಿಯ ಹತ್ತಿರ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಕೆಳಗಿನಿಂದಲೇ ಎಳೆಸಿದೆ. ಯಾಕೆ ಎಂದು ಎಲ್ಲರೂ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಈಗ ಆ ಒಬ್ಬಳು ನಾನಾಗಿದ್ದೆ.

ಚರ್ಚಿನ ಅಂಗಳದಲ್ಲಿ ಪಿಲಿಪೊನ ಕಲ್ಲಿನ ಪಕ್ಕದಲ್ಲೇ ಗುಂಡಿ ತೋಡಿದ್ದರು. ಕೆಪಾನೊ ಪಾದ್ರಿಗಳಿಗೂ ಆಗ ವಯಸ್ಸಾಗಿತ್ತು. ನಲವತ್ತೈದು ವರ್ಷ ಬೇರೆಬೇರೆ ಇದ್ದ ತಾಯಿ ಮಗ ಕೊನೆಗೂ ಒಂದು ಕಡೆ ಸೇರಿದರು ಎಂದು ಅವರು ಹೇಳಿದರು. ಊರೆಲ್ಲ ಆಮೆನ್ ಎಂದಿತು. ಎಲ್ಲರ ಜೊತೆ ನಾನೂ ಆಮೆನ್ ಎಂದೆ, ಮಣ್ಣು ಹಾಕಿದೆ.